ಕುಂಕುಮ ಇಟ್ಟ ಕ್ಯಾಸೆಟ್ಟು

ನಮ್ಮ ಓನರ್ ಆಂಟಿಯ ಎರಡೂ ಹೆಬ್ಬೆರಳುಗಳ ತುದಿ ಚಪ್ಪಟೆಯಾಗಿತ್ತು. ಮಾರೇನಹಳ್ಳಿಯಲ್ಲಿ ಹುಟ್ಟಿ, ಮಾರೇನಹಳ್ಳಿಗೇ ಸೊಸೆಯಾಗಿ, ಪ್ರತಿ ಚಳಿಗಾಲ ಪಾತ್ರೆಗಟ್ಟಲೆ ಅವರೆಕಾಳು ಹಿತುಕಿ ಹಿತುಕಿ ಹಾಗಾದ ಬೆರಳುಗಳು. ನೆನೆದ ಕಾಳನ್ನು ಒತ್ತಿದರೆ ಬೇಳೆ ಚಂಗನೆ ಹಾರಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ಕಣ್ಣು ಮಾತ್ರ ಕಾಳಿನ ಮೇಲೆ ಇರುತ್ತಿರಲಿಲ್ಲ. ಟಿವಿಯ ಮೇಲೋ, ಗೇಟಿನ ಮೇಲೋ, ಬಾಡಿಗೆಗಿದ್ದ ನನ್ನ ಮೇಲೋ ಇರುತ್ತಿತ್ತು.

ನಾನು ಗದಗಿನ ಕಡೆಯವಳು. ವಿಜಯನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಚಿತ್ರ ಬಿಡಿಸುವುದು, ಪುಟ ಕಟ್ಟುವುದು ಕಲಿಸುವ ಕೆಲಸ ಸಿಕ್ಕಿ, ಅವರ ಮಹಡಿಯ ಮೇಲಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದೆ. ಮನೆ ತೋರಿಸುವ ಮೊದಲೇ ಆಂಟಿ ನನ್ನ ಊರು, ಮನೆತನ, ಊಟ ಎಲ್ಲ ವಿಚಾರಿಸಿಕೊಂಡರು. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಷರತ್ತು ಹಾಕಿದರು: "ಭಾನುವಾರ ನಮ್ಮನೇಲಿ ಕೋಳಿ ಬೇಯ್ತದೆ. ಮೂಗು ಮುಚ್ಕೊ, ಬಾಯಿ ಬಿಡಬೇಡ." ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಆ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಂಡು ಹತ್ತು ನಿಮಿಷ ಇರಲಾಗುತ್ತಿರಲಿಲ್ಲ. ನಾನು ಮಾತಾಡಿದರೆ ಜಗಳ ಆಡಿದ ಹಾಗಿರುತ್ತದೆ ಎಂದು ನನ್ನ ಭಾಷೆಯನ್ನು ಆಡಿಕೊಳ್ಳುತ್ತ, ರೊಟ್ಟಿ ಬಡಿಯುವ ಸದ್ದು ಕೇಳಿದರೆ ತಟ್ಟೆ ಹಿಡಿದು ಮೇಲೆ ಬಂದುಬಿಡುತ್ತಿದ್ದರು.

ಅವರಿಗೆ ಬೀದಿಯ ಹೆಸರು, ಅಡ್ಡರಸ್ತೆಯ ನಂಬರು ಗೊತ್ತಿರಲಿಲ್ಲ. ಆ ಬಡಾವಣೆಯೆಲ್ಲ ಒಂದು ಕಾಲಕ್ಕೆ ಅವರ ಮತ್ತು ಅವರ ದಾಯಾದಿಗಳ ಹೊಲ. ಔಷಧಿ ಅಂಗಡಿ ಎಲ್ಲಿ ಎಂದರೆ "ನಮ್ಮ ಬದನೆಕಾಯಿ ಮಡಿ ಇತ್ತಲ್ಲ, ಅಲ್ಲಿ" ಅನ್ನುತ್ತಿದ್ದರು. ಗದಗಿನಿಂದ ಬಂದವಳಿಗೆ ಬದನೆಕಾಯಿ ಮಡಿ ಎಲ್ಲಿ ಗೊತ್ತಾಗಬೇಕು! ಆದರೆ ಒಂದು ವರ್ಷ ಕಳೆಯುವುದರೊಳಗೆ ನಾನೂ ಸ್ನೇಹಿತೆಯರಿಗೆ ಹಾಗೇ ದಾರಿ ಹೇಳತೊಡಗಿದ್ದೆ.

ಅಂಕಲ್ ಒಕ್ಕಲುತನದ ಮನೆಯವರಾದರೂ ಬದುಕಿದ್ದು ಲೇತ್ ಮಷೀನಿನ ಮೇಲೆ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ಬಂದ ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಅದಕ್ಕಿಂತ ಕಷ್ಟವಾದದ್ದು ಮಾತು. ಮಾತು ನಿಂತಿರಲಿಲ್ಲ, ಬರುವ ಮಾತೇ ಬೇರೆಯಾಗಿತ್ತು. ನೀರು ಬೇಕಾದರೆ "ಟಿಕೆಟ್ಟು" ಅನ್ನುವರು, ಫ್ಯಾನ್ ಹಾಕಬೇಕಾದರೆ "ಕೊತ್ತಂಬರಿ" ಅನ್ನುವರು. ಎದುರಿಗಿದ್ದವರು ನಕ್ಕರೆ ಅಥವಾ ಕನಿಕರಪಟ್ಟರೆ ಮುಖ ಕೆಂಪಾಗಿ ಗೋಡೆ ಕಡೆ ತಿರುಗಿಬಿಡುತ್ತಿದ್ದರು.

ಅವರ ಒಬ್ಬನೇ ಮಗ ಅನ್ನಪೂರ್ಣೇಶ್ವರಿ ನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ. ಕೆಟ್ಟವನಲ್ಲ. ವಾರಕ್ಕೆರಡು ಸಲ ಬಂದು ಅಪ್ಪನಿಗೆ ಸ್ನಾನ ಮಾಡಿಸಿ ಹೋಗುತ್ತಿದ್ದ. ಆದರೆ ಅಪ್ಪನ ಬುದ್ಧಿಯೇ ಹೋಗಿದೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಅಪ್ಪನ ಮುಂದೆಯೇ ಅಪ್ಪನ ವಿಷಯ ಮಾತಾಡುತ್ತಿದ್ದ, ಅವರೊಂದು ಮಂಚವೋ ಬೀರುವೋ ಅನ್ನುವ ಹಾಗೆ. ಅಮ್ಮನಿಗೂ ಬಿಪಿ ಇದೆ, ಇವರನ್ನು ಎತ್ತಿ ಇಳಿಸಿ ಅವಳೂ ಬೀಳುತ್ತಾಳೆ, ಕೆಂಗೇರಿಯ ಆಚೆ ಬುದ್ಧಿ ಕಳೆದುಕೊಂಡ ಹಿರಿಯರನ್ನು ನೋಡಿಕೊಳ್ಳುವ ಒಂದು ಜಾಗವಿದೆ, ದಸರಾ ಮುಗಿದ ಮೇಲೆ ಅಲ್ಲಿಗೆ ಬಿಡೋಣ ಎಂದು ಹೇಳತೊಡಗಿದ. ಅಂಕಲ್ಲಿನ ತಂಗಿಯೂ ಅದಕ್ಕೆ ಸೈ ಅಂದರು. ಆಂಟಿ ಮಾತ್ರ ಒಂದೇ ಮಾತು ಹಿಡಿದು ಕೂತರು, ಅವರಿಗೆ ಎಲ್ಲ ಗೊತ್ತಾಗುತ್ತದೆ ಎಂದು. ಹೇಗೆ ಹೇಳುತ್ತೀ ಎಂದು ಮಗ ಕೇಳಿದರೆ ಮತ್ತೆ ಅದನ್ನೇ ಹೇಳುತ್ತಿದ್ದರು. ಮೂವತ್ತು ವರ್ಷ ಜೊತೆಗೆ ಬಾಳಿದ್ದು ಒಂದು ಪುರಾವೆ ಎಂದು ಯಾರು ಒಪ್ಪುತ್ತಾರೆ?

ಕೈಗೆ ಕಸರತ್ತು ಕೊಡಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅಂಕಲ್ ಅದನ್ನು ಹಿತ್ತಲಿಗೆ ಎಸೆದಿದ್ದರು. ಆಗ ಆಂಟಿ ಅಟ್ಟ ಹತ್ತಿ, ಮಗ ಶಾಲೆಯಲ್ಲಿದ್ದಾಗ ಆಡುತ್ತಿದ್ದ ಟಿವಿ ಗೇಮನ್ನು ಇಳಿಸಿಕೊಂಡು ಬಂದರು. ನಾನು ಸಂಜೆ ಕೆಲಸದಿಂದ ಬಂದಾಗ ಹೆಂಗಸು ನೆಲದ ಮೇಲೆ ಕೂತು, ವೈರುಗಳ ಗಂಟು ಬಿಡಿಸುತ್ತಿದ್ದರು. ಆ್ಯಂಟೆನಾ ವೈರು ಚುಚ್ಚಿ, ಚಾನಲ್ ತಿರುಗಿಸಿ ತಿರುಗಿಸಿ, ಟಿವಿಯ ಮಂಜಿನೊಳಗಿಂದ ಚಿತ್ರ ಹೊರಗೆ ತಂದುಕೊಟ್ಟೆ. ಹಳದಿ ಬಣ್ಣದ ಕ್ಯಾಸೆಟ್ಟು. ಅದರಲ್ಲಿ ಒಬ್ಬ ಕುಳ್ಳ ಮನುಷ್ಯ ಎಡದಿಂದ ಬಲಕ್ಕೆ ಓಡುತ್ತಾನೆ. ಹೊಂಡ ಬಂದರೆ ಹಾರಬೇಕು, ಮೇಲಿಂದ ಕಲ್ಲು ಬಿದ್ದರೆ ನಿಂತು ತಪ್ಪಿಸಿಕೊಳ್ಳಬೇಕು, ಕೊನೆಗೆ ಒಂದು ಬಾಗಿಲು ಸೇರಬೇಕು. ಅಷ್ಟೇ.

ಆಂಟಿ ಆ ಕುಳ್ಳನನ್ನು ಮೊದಲ ಹೊಂಡಕ್ಕೇ ಬೀಳಿಸಿದರು. ಮತ್ತೆ ಬೀಳಿಸಿದರು. ಮಂಚದ ಮೇಲಿದ್ದ ಅಂಕಲ್ಲಿಗೆ ಕಾಣುವ ಹಾಗೆ ಕೂತು, ಸಂಜೆಯಿಡೀ ಅದೇ ಹೊಂಡಕ್ಕೆ ಬೀಳಿಸುತ್ತ ಹೋದರು. ಕಾಳು ಹಿತುಕುವ ಆ ಬೆರಳುಗಳಿಗೆ ಒಂದು ಗುಂಡಿ ಒತ್ತಲು ಬರುವುದಿಲ್ಲವೇ ಎಂದು ನನಗೆ ಆಶ್ಚರ್ಯ. ಮೂರನೆಯ ಸಂಜೆಗೆ ಅಂಕಲ್ಲಿಗೆ ತಡೆಯಲಾಗಲಿಲ್ಲ. ಜೀವಮಾನವಿಡೀ ಕೂದಲೆಳೆಯಷ್ಟು ತಪ್ಪದ ಹಾಗೆ ಕಬ್ಬಿಣ ಕಡೆದ ಮನುಷ್ಯ, ಕೆಟ್ಟ ಕೆಲಸ ನೋಡಿಕೊಂಡು ಎಷ್ಟು ಹೊತ್ತು ಸುಮ್ಮನಿರುತ್ತಾನೆ? "ಕೊತ್ತಂಬರಿ, ಕೊತ್ತಂಬರಿ" ಎಂದು ಗದರಿ, ಎಡಗೈ ಚಾಚಿ ಅವರ ಕೈಯಿಂದ ಗುಂಡಿಗಳ ಹಲಗೆಯನ್ನು ಕಿತ್ತುಕೊಂಡರು. ಆಂಟಿ ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ಎಂಥಾ ಕಿಲಾಡಿ ಹೆಂಗಸು!

ಅವತ್ತಿನಿಂದ ಅಂಕಲ್ಲಿನ ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಆ ಹಲಗೆ. ಎಡಗೈ ಓಡಿಸುತ್ತಿತ್ತು, ಬಲ ಹೆಬ್ಬೆರಳು ಹಾರಿಸಬೇಕಿತ್ತು. ಮೊದಮೊದಲು ಆಂಟಿ ಅವರ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಒತ್ತುತ್ತಿದ್ದರು. ಬರಬರುತ್ತ ಆ ಬೆರಳೇ ಒತ್ತತೊಡಗಿತು. ಶ್ರಾವಣ ಕಳೆಯುವ ಹೊತ್ತಿಗೆ ಅಂಕಲ್ ಕುಳ್ಳನನ್ನು ಒಬ್ಬರೇ ಬಾಗಿಲು ಮುಟ್ಟಿಸುತ್ತಿದ್ದರು.

ನಾನು ನುಣ್ಣನೆಯ ಚಿತ್ರಗಳನ್ನು ಬಿಡಿಸಲು ಕಲಿಸುವವಳು. ಇಟ್ಟಿಗೆ ಜೋಡಿಸಿದಂಥ ಆ ಚಿತ್ರಗಳನ್ನು ಕಂಡು ಮೊದಲು ನಕ್ಕಿದ್ದೆ. ಆಮೇಲೆ ನನಗೂ ಅದರ ಹುಚ್ಚು ಹಿಡಿಯಿತು. ಬೆರಳೆಣಿಕೆಯ ಬಣ್ಣಗಳಲ್ಲಿ ಎಷ್ಟು ಜಾಣತನದಿಂದ ಸಂಸಾರ ತೂಗಿಸಿದ್ದರು! ಬಂಡೆಗೂ ಮರದ ತಲೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅದನ್ನು ಮೊದಲು ಕಂಡುಹಿಡಿದದ್ದು ಆಂಟಿಯೇ. ಒಂದೇ ಥಾನಿನ ಬಟ್ಟೆಯಲ್ಲಿ ಅಕ್ಕತಂಗಿಯರಿಗೆ ಲಂಗ ಹೊಲಿಸಿದ ಹಾಗಿದೆ ಅಂದರು. ಒಂದೇ ಸಾಲಿನಲ್ಲಿ ತುಂಬ ಕಲ್ಲುಗಳು ಬಂದರೆ ಅವು ಮಿಣುಕುತ್ತಿದ್ದವು. ಒಂದು ಗೆರೆಯಲ್ಲಿ ಇಷ್ಟೇ ಬೊಂಬೆ ತೋರಿಸಬಲ್ಲೆ ಎಂಬ ಮಿತಿ ಆ ಯಂತ್ರಕ್ಕಿದೆ, ಹೆಚ್ಚಾದರೆ ಸರದಿಯ ಮೇಲೆ ತೋರಿಸುತ್ತದೆ ಎಂದೆ. ಪಂಕ್ತಿಯಲ್ಲಿ ಜನ ಜಾಸ್ತಿಯಾದರೆ ಬಡಿಸುವವನು ತಾನೇ ಏನು ಮಾಡುತ್ತಾನೆ, ಪಾಪ, ಎಂದು ಯಂತ್ರದ ಪರವಾಗಿ ಮಾತಾಡಿದರು.

ಆಯುಧಪೂಜೆ ಬಂತು. ಆ ಮನೆಯಲ್ಲಿ ಅದು ಅಂಕಲ್ಲಿನ ಹಬ್ಬ. ಆ ಸಲ ಆಂಟಿಯೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಎಲ್ಲ ಮಾಡಿದರು. ಸ್ಕೂಟರು, ಮಿಕ್ಸಿ, ಈಳಿಗೆ, ಗುದ್ದಲಿ, ಅಂಕಲ್ಲಿನ ಹಳೆಯ ಅಳತೆ ಸಾಮಾನು, ಕೊನೆಗೆ ಟಿವಿ ಗೇಮು. ಮಧ್ಯಾಹ್ನದ ಊಟಕ್ಕೆ ಮಗ, ಸೊಸೆ, ಅಂಕಲ್ಲಿನ ತಂಗಿ ಎಲ್ಲ ಬಂದಿದ್ದರು. ನನ್ನನ್ನೂ ಕರೆದಿದ್ದರು. ಹಬ್ಬ ಮುಗಿದ ಮಾರನೆಯ ವಾರ ಕೆಂಗೇರಿಗೆ ಕರೆದುಕೊಂಡು ಹೋಗುವುದೆಂದು ಮಗ ಎಲ್ಲ ಗೊತ್ತುಮಾಡಿಯೇ ಬಂದಿದ್ದ. ಊಟವಾದ ಮೇಲೆ ಆಂಟಿ, ನಿಮ್ಮಪ್ಪ ಹೇಗೆ ಆಡುತ್ತಾರೆ ನೋಡು, ಆಮೇಲೆ ಮಾತಾಡು ಎಂದು ಹೇಳಿ ಸ್ವಿಚ್ ಹಾಕಿದರು.

ಟಿವಿಯ ಮೇಲೆ ಬಂದದ್ದು ಗಲೀಜು. ಆಕಾಶದ ತುಂಬ ಅರ್ಧರ್ಧ ಅಕ್ಷರ, ನೆಲವಿದ್ದಲ್ಲಿ ಅಂಕಿಗಳ ಚೂರು, ಕುಳ್ಳನಿದ್ದ ಜಾಗದಲ್ಲಿ ಮರದ ತುಂಡು, ಬಾಗಿಲ ತುಂಡು ಸೇರಿದ ಒಂದು ಮುದ್ದೆ. ಅಂಕಲ್ಲಿನ ತಂಗಿ ಲೊಚಗುಟ್ಟಿದರು. ಕ್ಯಾಸೆಟ್ಟು ಎಳೆದು ನೋಡಿದೆ. ಯಂತ್ರದೊಳಗೆ ಕೂರುವ ತಾಮ್ರದ ಹಲ್ಲುಗಳ ಮೇಲೆ, ಒಂದು ಪಕ್ಕದಲ್ಲಿ, ಕಲಸಿದ ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ. ಅಯ್ಯೋ ದೇವರೇ, ಇಲ್ಲಿಗ್ಯಾಕೆ ಹಚ್ಚಿದಿರಿ ಎಂದು ರೇಗಿದೆ. ಆಂಟಿ ನನ್ನನ್ನೇ ದಡ್ಡಿಯನ್ನು ನೋಡುವ ಹಾಗೆ ನೋಡಿದರು. ಈಳಿಗೆಗೆ ಬಾಯಿಗೆ ಇಡುವುದಿಲ್ಲವೇ, ಗುದ್ದಲಿಗೆ ಮೊನೆಗೆ ಇಡುವುದಿಲ್ಲವೇ? ಆಯುಧ ಎಲ್ಲಿ ಕೆಲಸ ಮಾಡುತ್ತದೋ ಅಲ್ಲಿ ಕುಂಕುಮ ಇಡಬೇಕು. ಇದು ಕೆಲಸ ಮಾಡುವುದು ಆ ಹಲ್ಲಿನಿಂದ ತಾನೇ? 

ಒರೆಸಿ ಮತ್ತೆ ಹಾಕಿದೆ. ಗಲೀಜು ಹಾಗೇ ಇತ್ತು. ಆಫ್ ಮಾಡಲು ಕೈ ಚಾಚಿದಾಗ ಅಂಕಲ್ ನನ್ನ ಕೈಯನ್ನು ತಳ್ಳಿದರು. ಹಲಗೆ ಎಳೆದುಕೊಂಡು ದಿಂಬಿನ ಮೇಲಿಟ್ಟುಕೊಂಡರು. ಆಡತೊಡಗಿದರು.

ನೆಲ ಯಾವುದು, ಹೊಂಡ ಯಾವುದು ಯಾರಿಗೂ ಕಾಣುತ್ತಿರಲಿಲ್ಲ. ಆ ಮುದ್ದೆ ಓಡಿತು, ಹಾರಿತು, ನಿಂತಿತು. ಮೇಲಿಂದ ಏನೋ ಅಕ್ಷರದ ಚೂರು ಬಿದ್ದು ಹೋಯಿತು. ಮತ್ತೆ ಓಡಿತು. ಅಂಕಲ್ಲಿನ ಮುಖದಲ್ಲಿ ಗಾಬರಿಯಿರಲಿಲ್ಲ, ಕೆಲಸದಲ್ಲಿರುವ ಮನುಷ್ಯನ ಮುಖ. ಒಂದು ಹೊಂಡಕ್ಕೂ ಬೀಳದೆ ಕೊನೆ ಮುಟ್ಟಿಸಿದರು. ಬಾಗಿಲು ಸೇರಿದಾಗ ಬರುವ ಸಂಗೀತ ಸರಿಯಾಗಿಯೇ ಬಂತು.

ಚಿತ್ರ ಇಷ್ಟು ಕೆಟ್ಟಿದ್ದರೂ ಆಟ ಹೇಗೆ ನಡೆಯಿತು ಎಂದು ಮಗ ನನ್ನನ್ನು ಕೇಳಿದ. ಅವನ ಅಂಗಡಿಯ ಮಾತಿನಲ್ಲೇ ಹೇಳಿದೆ. ಇದರ ಚಿತ್ರವೆಲ್ಲ ಸಣ್ಣ ಸಣ್ಣ ಟೈಲ್ಸು. ಎಲ್ಲಿ ಯಾವ ನಂಬರಿನ ಟೈಲ್ ಕೂರಿಸಬೇಕು ಅನ್ನುವ ಪ್ಲಾನು ಕ್ಯಾಸೆಟ್ಟಿನ ಒಂದು ಚಿಪ್‌ನಲ್ಲಿದೆ, ಟೈಲ್ಸಿನ ಡಬ್ಬಗಳು ಇನ್ನೊಂದು ಚಿಪ್‌ನಲ್ಲಿವೆ. ಅರಿಶಿನ ಮೆತ್ತಿದ್ದು ಡಬ್ಬದ ದಾರಿಗೆ. ಪ್ಲಾನು ಒಂದಿಷ್ಟೂ ಕೆಟ್ಟಿಲ್ಲ, ಕೈಗೆ ಬರುವ ಡಬ್ಬ ಮಾತ್ರ ತಪ್ಪು.

ಆಂಟಿ ಎಲೆ ತೆಗೆಯುತ್ತಿದ್ದವರು ಅಲ್ಲೇ ನಿಂತರು. ಆಮೇಲೆ ಮಗನಿಗೆ ಮೆಲ್ಲಗೆ ಹೇಳಿದರು: "ನಿಮ್ಮಪ್ಪನೂ ಹಂಗೇ ಕಣೋ. ಒಳಗೆ ಎಲ್ಲ ನೆಟ್ಟಗದೆ. ಬಾಯಿಗೆ ಬರೋ ಡಬ್ಬ ತಪ್ಪು."

ಮಗ ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೊಂಡ ಎಲ್ಲಿದೆ ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದ. ಅಪ್ಪನನ್ನು ಅವನು ನೇರವಾಗಿ ಒಂದು ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಂಕಲ್ ಅವನನ್ನು ನೋಡಿ "ಗೋಡಂಬಿ" ಅಂದರು. ಆ ಗೋಡಂಬಿಯಲ್ಲಿ ಇಷ್ಟು ದಿನದ ಬೈಗುಳವೆಲ್ಲ ಇತ್ತು. ಮಗ ನಗಲು ಹೋಗಿ ಅತ್ತುಬಿಟ್ಟ. ಕೆಂಗೇರಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ನಾನು ರಬ್ಬರಿನಿಂದ ಹಲ್ಲುಗಳನ್ನು ಉಜ್ಜಿ ಚಿತ್ರ ಸರಿಮಾಡಿದೆ. ಉದುರಿದ ಕುಂಕುಮವನ್ನು ಕಸಕ್ಕೆ ಹಾಕಿದ್ದಕ್ಕೆ ಆಂಟಿ ನನಗೆ ಬೈದು, ಅದನ್ನು ಆರಿಸಿ ತುಳಸಿ ಬುಡಕ್ಕೆ ಹಾಕಿದರು.

ಆಮೇಲೆ ಆ ಮನೆಯ ರೀತಿಯೇ ಬದಲಾಯಿತು. ಆಂಟಿ ಎಲ್ಲರಿಗೂ ಒಂದು ಪಾಠ ಮಾಡಿದ್ದರು. ಅಂಕಲ್ ಏನಾದರೂ ಅಂದರೆ ತಿದ್ದಬಾರದು, ನಗಬಾರದು, ಅವಸರ ಮಾಡಬಾರದು. ಅವರ ಕಣ್ಣು ಎಲ್ಲಿದೆ ನೋಡಿ, ಇದಾ, ಅದಾ ಎಂದು ಕೇಳಬೇಕು. "ಮಾತು ಬರೋವರೆಗೂ ಕಾಯೋಕೆ ನಿಮಗೇನು ರೋಗ?" ಎಂದು ಗದರುತ್ತಿದ್ದರು. ನನ್ನ ತರಗತಿಗೆ ಹಳ್ಳಿಗಳಿಂದ ಬಂದ ಹುಡುಗರು ಇಂಗ್ಲಿಷ್ ಪದ ಸಿಗದೆ ತಡವರಿಸಿದಾಗ ನಾನು ರೇಗುತ್ತಿದ್ದವಳು. ಆ ಮನೆಯಲ್ಲಿದ್ದು ಕಾಯುವುದನ್ನು ಕಲಿತೆ. ಇವತ್ತಿಗೂ ನನ್ನನ್ನು ಯಾರಾದರೂ ಒಳ್ಳೆಯ ಟೀಚರ್ ಅಂದರೆ, ಆ ಮೆಚ್ಚುಗೆಯ ಮುಕ್ಕಾಲು ಪಾಲು ಆಂಟಿಗೆ ಸೇರಬೇಕು. ಇದನ್ನು ಅವರಿದ್ದಾಗ ಹೇಳಿದ್ದರೆ, ರೊಟ್ಟಿ ಕೊಡು ಸಾಕು ಅನ್ನುತ್ತಿದ್ದರು.

ಮದುವೆಯಾಗಿ ನಾನು ಕೆಂಗೇರಿ ಕಡೆಯ ಉಲ್ಲಾಳಕ್ಕೆ ಹೋದೆ. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಮಗನ ಫೋನು ಬಂತು. ಆಂಟಿಗೆ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅತ್ತೆ. ನಾಚಿಕೆಯಾಗಲಿಲ್ಲ.

ನಡುಮನೆಯಲ್ಲಿ ಮಲಗಿಸಿದ್ದರು. ಅಂಕಲ್ ಒಳಕೋಣೆಯ ಕುರ್ಚಿಯಲ್ಲಿದ್ದರು. ಅವರಿಗೆ ತಿಳಿಸುವುದು ಬೇಡ, ತಿಳಿದರೂ ಏನು ಮಾಡುತ್ತಾರೆ ಎಂದು ದೂರದ ನೆಂಟರು ಪಿಸುಗುಡುತ್ತಿದ್ದರು. ಮಗ ಅವರನ್ನು ದಾಟಿ ಒಳಗೆ ಹೋದ. ಬಾಗಿಲಲ್ಲಿ ನಿಂತು ನೋಡಿದೆ. ಅಪ್ಪನ ಮುಂದೆ ಕೂತು, ಅವರ ಎರಡೂ ಕೈ ಹಿಡಿದುಕೊಂಡು, "ಅಪ್ಪಾ, ಅಮ್ಮ ಹೋಗ್ಬಿಟ್ಳು" ಅಂದ. ಹೇಳಿ ಕಾದ.

ತುಂಬ ಹೊತ್ತಾದ ಮೇಲೆ ಅಂಕಲ್ "ಸೈಕಲ್ಲು" ಅಂದರು. ಯಾರೋ ಅಯ್ಯೋ ಪಾಪ ಎಂದರು. ಮಗ ತಿರುಗಿಯೂ ನೋಡಲಿಲ್ಲ. ಅಮ್ಮನ ಹತ್ತಿರ ಕೂರಬೇಕಾ ಎಂದು ಕೇಳಿದ. ಅಂಕಲ್ ತಲೆಯಾಡಿಸಿದರು.

ಎತ್ತಿಕೊಂಡು ಬಂದು ಆಂಟಿಯ ತಲೆಯ ಬಳಿ ಕೂರಿಸಿದ. ರಾಹುಕಾಲ ಬರುತ್ತದೆ, ಬೇಗ ಹೊರಡಿಸಿ ಎಂದು ಹಿರಿಯರೊಬ್ಬರು ಅವಸರ ಮಾಡಿದರು. ಚಟ್ಟಕ್ಕೆ ಹೆಗಲು ಕೊಡುವವರು ಬಾಗಿಲಿಗೆ ಬಂದು ನಿಂತಿದ್ದರು. ಅಪ್ಪ ಆಯಿತು ಎಂದು ಹೇಳಲಿ, ಆಮೇಲೆ ಎತ್ತೋಣ ಎಂದ ಮಗ. ರಾಹುಕಾಲ ಬಂತು, ಹೋಯಿತು. ಅಂಕಲ್ ತಮ್ಮ ಮಾತುಗಳಲ್ಲಿ ಹೆಂಡತಿಗೆ ಏನೇನೋ ಹೇಳುತ್ತ ಕೂತಿದ್ದರು, ಮನೆಯ ತುಂಬ ಇದ್ದ ನಾವೆಲ್ಲ ಅದು ಮುಗಿಯುವ ತನಕ ನಿಂತಿದ್ದೆವು.