ಮನ್ಮಥಪ್ಪನವರ ಕೇಸರಿ ಕುಲಾವಿ

ಎಲ್ಲಿ ಅಕ್ಷರ ಕಂಡರೂ ನಿಂತು ಓದುವುದು ಮನ್ಮಥಪ್ಪನವರ ಚಟ. ಭಾಲ್ಕಿಯಿಂದ ಬಂದು ಇಪ್ಪತ್ತೈದು ವರ್ಷ ನಾಸಿಕದ ಅಂಚೆ ಕಚೇರಿಯಲ್ಲಿ ಪಾರ್ಸಲ್ ವಿಂಗಡಿಸಿದವರಿಗೆ ಬೇರೆ ಯಾವ ಚಟ ಹತ್ತೀತು? ಭಾನುವಾರ ಗುಡ್ಡ ಹತ್ತುವ ಒಂದು ತಂಡದಲ್ಲಿ ಅವರಿದ್ದರು. ಐವತ್ತೆರಡು ವರ್ಷದಲ್ಲಿ ತಾವಾಗಿ ಆಸೆಪಟ್ಟು ಸೇರಿದ್ದು ಅದೊಂದಕ್ಕೇ. ಉಳಿದದ್ದಕ್ಕೆಲ್ಲ ಯಾರೋ ಸೇರಿಸಿದ್ದರು.

1968ರ ಡಿಸೆಂಬರಿನಲ್ಲಿ ಒಂದು ಕೋಟೆಯ ಶಾಸನದ ಮುಂದೆ ನಿಂತುಬಿಟ್ಟರು. ತಂಡ ಮುಂದೆ ಹೋಯಿತು. ಮೈಗೆ ಕಂದು ಸ್ವೆಟರು, ತಲೆಗೆ ಕಂದು ಮಂಕಿ ಕ್ಯಾಪು. ಬಂಡೆ ಯಾವುದು, ಮನ್ಮಥಪ್ಪ ಯಾವುದು ಎಂದು ತಿಳಿಯದೆ ಮೂರು ಗಂಟೆ ಹುಡುಕಿದರು. ತಂಡದ ಮುಖಂಡ ದೇವದಾಸ ಕುಂದಾಪುರದ ಕಡೆಯ ಹೋಟೆಲಿನವರು. ಸಿಟ್ಟನ್ನೂ ಮೆಲ್ಲಗೆ ಬಡಿಸುವ ಮನುಷ್ಯ.

"ಮುಂದಿನ ಸಲ ಒಂದು ಮೈಲಿಯಿಂದ ಕಾಣುವ ಟೊಪ್ಪಿ ಹಾಕಿ ಬನ್ನಿ ಮಾರಾಯ್ರೆ," ಎಂದರು. "ಇನ್ನೊಮ್ಮೆ ತಪ್ಪಿಸಿಕೊಂಡರೆ ನಿಮ್ಮ ಹೆಸರು ತೆಗೆಯುವುದೇ."

ಹೆಂಡತಿ ಕಸ್ತೂರಿಬಾಯಿಗೆ ಹೆಣೆಯಲು ಬರುತ್ತಿದ್ದುದು ಕೂಸುಗಳ ಕುಲಾವಿ ಒಂದೇ. ಅದನ್ನೇ ನಾಲ್ಕು ಪಟ್ಟು ಹಿಗ್ಗಿಸಿದರು. ಕಿವಿ ಮುಚ್ಚುತ್ತಿತ್ತು, ಗದ್ದದ ಕೆಳಗೆ ಗಂಟು ಹಾಕಬಹುದಿತ್ತು. ಬಣ್ಣ ಉರಿಯುವ ಕೇಸರಿ. ಬೀದಿಗೊಬ್ಬ ಸಾಧು ಸಿಗುವ ಊರಿನಲ್ಲಿ ಇದ್ದೂ ಇದ್ದೂ, ಆ ಬಣ್ಣ ಎಂಥವರ ತಲೆಯ ಮೇಲಿರುತ್ತದೆ ಎಂಬುದು ಗಂಡಹೆಂಡಿರಿಬ್ಬರಿಗೂ ಹೊಳೆಯಲಿಲ್ಲ.

ಜನವರಿಯಲ್ಲಿ ಚಾಂದವಡದ ಗುಡ್ಡ. ಎಲ್ಲರ ಹಲ್ಲು ಕಟಕಟ ಎನ್ನುತ್ತಿದ್ದರೆ ಮನ್ಮಥಪ್ಪನವರ ಕಿವಿ ಬೆಚ್ಚಗಿತ್ತು. ಇಳಿಯುವಾಗ ಅವರು ಒಂದಷ್ಟು ಹಿಂದುಳಿದರು. ದಾರಿಯ ಪಕ್ಕದ ಗುಡಿಸಲಿನಿಂದ ಒಬ್ಬ ಮುದುಕಿ ನೀರಿನ ತಂಬಿಗೆ ಹಿಡಿದು ಓಡಿಬಂದಳು. ಸಂಗಮ್ಮ ಅಂತ, ಔರಾದದ ಕಡೆಯವಳು, ಈರುಳ್ಳಿ ಹೊಲದ ಕೂಲಿಗೆ ಬಂದವಳು. ಕೇಸರಿ ತಲೆ, ಹಣೆಗೆ ಮೂರೆಳೆ ವಿಭೂತಿ. ಅವಳಿಗೆ ಇನ್ನೇನು ಬೇಕು?

"ಬರ್ರಿ ಅಯ್ನೋರೆ," ಎಂದು ಕಾಲಿಗೆ ನೀರು ಹಾಕಲು ಬಾಗಿದಳು. "ನಮ್ಮ ಮನಿಯವರು ತೀರಿಹೋಗಿ ವರ್ಷಾತು. ಒಬ್ಬ ಸ್ವಾಮೇರ ಪಾದಾ ಈ ಮನಿಗಿ ಬಿದ್ದಿಲ್ಲ."

ಜಂಗಮರ ಪಾದಕ್ಕೆ ಸಲ್ಲಬೇಕಾದ ನೀರು ಗುಮಾಸ್ತನ ಕಾಲಿಗೆ! ಮನ್ಮಥಪ್ಪ ಎರಡು ಹೆಜ್ಜೆ ಹಿಂದೆ ಸರಿದರು.

"ನಾ ಅಯ್ನೋರಲ್ಲವ್ವ. ಪೋಸ್ಟಿನ್ಯಾಗ ಇರ್ತೀನಿ."

"ದೊಡ್ಡವರು ಹಂಗೇ ಅಂತಾರ," ಎಂದು ಸಂಗಮ್ಮ ಇನ್ನಷ್ಟು ಬಾಗಿದಳು.

ಬೇರೆ ದಾರಿ ಕಾಣದೆ ಗಂಟು ಬಿಚ್ಚಿ, ಕುಲಾವಿ ತೆಗೆದು ಜೇಬಿಗೆ ತುರುಕಿದರು. ಒಳಗಿದ್ದದ್ದು ಎಣ್ಣೆ ಹಚ್ಚಿ ಬೈತಲೆ ತೆಗೆದ ಗುಮಾಸ್ತನ ತಲೆ. ಸಂಗಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿ ಬಂತು. ತಂಬಿಗೆ ನೆಲಕ್ಕಿಟ್ಟಳು.

"ಆಗ್ಲಿ ಬಾ ಯಪ್ಪ. ರೊಟ್ಟಿ ತಿಂದು ಹೋಗು. ನಮ್ಮ ಕಡಿ ಮನಷ್ಯಾ ಅಂತೂ ಹೌದಲ್ಲ."

ಅಂಗಳದಲ್ಲಿ ಕೂತು ತಿನ್ನುತ್ತಿದ್ದಾಗ ಎದುರಿನ ಗುಡ್ಡದ ಏಣಿನ ಮೇಲೆ ತಂಡದವರ ನಾಲ್ಕು ತಲೆ ಕಂಡವು. ನಾಲ್ಕೂ ನಾಲ್ಕು ದಿಕ್ಕಿಗೆ ಕೂಗುತ್ತಿದ್ದವು. ಗಾಳಿ ಎದುರಾಗಿತ್ತು, ಇಲ್ಲಿಂದ ಕೂಗಿದರೆ ಮುಟ್ಟುತ್ತಿರಲಿಲ್ಲ. ಜೇಬಿನಿಂದ ಕುಲಾವಿ ತೆಗೆದು ಬೀಸಿದ್ದರೆ ಸಾಕಿತ್ತು. ಆದರೆ ಎದುರಿಗೆ ಸಂಗಮ್ಮ ಗಂಡನ ಕೊನೆಯ ದಿನಗಳನ್ನು ಹೇಳುತ್ತ ಕೂತಿದ್ದಳು. ಆ ಬಣ್ಣವನ್ನು ಅವಳ ಕಣ್ಣಿಗೆ ಇನ್ನೊಮ್ಮೆ ತೋರಿಸಲು ಮನ್ಮಥಪ್ಪನವರಿಗೆ ಕೈ ಬರಲಿಲ್ಲ. ತಲೆಗಳು ಇಳಿದುಹೋದವು. ಅವರು ಎರಡನೆಯ ರೊಟ್ಟಿ ಮುಗಿಸಿ ಬಸ್ಸು ಹಿಡಿದರು.

ಮರುದಿನ ದೇವದಾಸ ಅಂಚೆ ಕಚೇರಿಗೇ ಬಂದು ಹೆಸರು ತೆಗೆದ ಸಂಗತಿ ತಿಳಿಸಿದರು. "ಬೇಸರ ಮಾಡಬೇಡಿ," ಎಂದರು. ಮನ್ಮಥಪ್ಪ ಕೈಯಲ್ಲಿದ್ದ ಪಾರ್ಸಲಿನ ವಿಳಾಸವನ್ನು ನಾಲ್ಕು ಸಲ ಓದಿದರು.

ಮನೆಯಲ್ಲಿ ಸಂಗಮ್ಮನ ಕಥೆಯನ್ನೆಲ್ಲ ಹೇಳಿದರು. ಹೆಸರು ತೆಗೆದ ಸುದ್ದಿಗೆ ಬರುವಷ್ಟರಲ್ಲಿ ಕಸ್ತೂರಿಬಾಯಿ ಚಪ್ಪಲಿ ಮೆಟ್ಟಿಯಾಗಿತ್ತು.

"ತಪ್ಪು ನಂದೇ ಆತ್ರಿ. ಗಿಣಿ ಹಸರು ತರ್ತೀನಿ. ಗಿಣಿ ಹಸರಿಗಿ ಯಾರೂ ಕಾಲು ಬೀಳಲ್ಲ."

ಉಣ್ಣೆ ತಂದು, ಉಂಡೆ ಸುತ್ತಲು ಲಡಿಯನ್ನು ಗಂಡನ ಎರಡೂ ಕೈಗೆ ಹಾಕಿದರು. ಅವರ ಮುಖದಲ್ಲಿದ್ದ ಹುರುಪು ನೋಡಿ ಮನ್ಮಥಪ್ಪ ಹೆಸರು ತೆಗೆದ ಮಾತನ್ನು ಅಲ್ಲಿಗೇ ಬಿಟ್ಟರು.

"ಮುಂದಿನ ಐತಾರ ಯಾವ ಗುಡ್ಡ ಅದರಿ?"

"ಸಾಲ್ಹೇರ," ಎಂದರು ಮನ್ಮಥಪ್ಪ, ಕೈ ಚಾಚಿಕೊಂಡೇ.