ಒಂದು ಗುಮಾಸ್ತಗಿರಿ, ಅಪ್ಪ ಮತ್ತು ನಾನು

ನಾನು ಬಿ.ಎ. ಪಾಸು ಮಾಡಿದ್ದು ಮೂವತ್ತರ ದಶಕದ ಆರಂಭದಲ್ಲಿ. ಆಗ ಮೈಸೂರಿನ ಕಚೇರಿಗಳಲ್ಲಿ ಖಾಲಿಯಾದ ಜಾಗಗಳನ್ನು ತುಂಬುವುದೇ ನಿಂತುಹೋಗಿತ್ತು. ಅದರ ಮೇಲೆ, ಇದ್ದವರನ್ನೂ ಕಡಿಮೆ ಮಾಡತೊಡಗಿದ್ದರು. ಇಂಗ್ಲಿಷ್ ಬಾರದ ನಮ್ಮಮ್ಮನಿಗೂ ‘ರಿಟ್ರೆಂಚ್‌ಮೆಂಟ್’ ಎಂಬ ಮಾತು ಬಾಯಿಪಾಠವಾಗಿತ್ತು. ಅಪ್ಪ ಗುಮಾಸ್ತರಾಗಿದ್ದ ಕಚೇರಿಗೂ ಅದು ಬಂತು. ಇನ್ನೂ ಐವತ್ತು ತುಂಬದ ಅವರು ಒಂದು ಮಧ್ಯಾಹ್ನ ಬೇಗ ಮನೆಗೆ ಬಂದು, ಕೋಟು ಬಿಚ್ಚದೆ ಜಗಲಿಯ ಮೇಲೆ ಕೂತುಬಿಟ್ಟರು.

ಆಮೇಲೆ ದಿನಾ ಬೆಳಿಗ್ಗೆ ಇಬ್ಬರೂ ಕೃಷ್ಣಮೂರ್ತಿಪುರಂನ ಮನೆಯಿಂದ ಬೇರೆ ಬೇರೆಯಾಗಿ ಹೊರಡುತ್ತಿದ್ದೆವು. ಎಲ್ಲಿಗೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ.

ಊರಾಚೆ ಹೊಸದಾಗಿ ಶುರುವಾಗಿದ್ದ ಕಾರ್ಖಾನೆಯೊಂದಕ್ಕೆ ಗುಮಾಸ್ತ ಬೇಕಂತೆ ಎಂದು ಕಾಲೇಜಿನ ಗೆಳೆಯನೊಬ್ಬ ಹೇಳಿದ. ನಾನು ಹೋಗುವಷ್ಟರಲ್ಲಿ ಗೇಟಿನ ಮುಂದೆ ಜನ ಜಮಾಯಿಸಿದ್ದರು. ಬಹುತೇಕ ನನ್ನ ವಯಸ್ಸಿನವರೇ. ಯಾರದೋ ಶಿಫಾರಸಿನ ಮೇಲೆ ಜಾಗ ಆಗಲೇ ತುಂಬಿದೆ ಎಂಬ ಸುದ್ದಿ ಹಬ್ಬಿ, ನೂಕುನುಗ್ಗಲು ಶುರುವಾಯಿತು. ಕಾವಲಿನವನು ಗೇಟಿಗೆ ಅಡ್ಡ ನಿಂತು ಬೈಯುತ್ತಿದ್ದ.

ಮುಂದೆ ಯಾರೋ ನಗುತ್ತಾ ಕೇಳಿದರು: “ಏನ್ ಯಜಮಾನ್ರೇ, ಮಗನ್ನ ಕರ್ಕೊಂಡ್ ಬಂದ್ರಾ?”

“ಇಲ್ಲಪ್ಪ, ನಾನೇ ಬಂದಿದೀನಿ.”

ಅಪ್ಪನ ದನಿ. ತಿರುಗಿ ಜನರ ನಡುವೆ ನುಸುಳಿ ಹೊರಟೆ. ಅವರು ನನ್ನನ್ನು ಕಂಡುಬಿಟ್ಟಿದ್ದರು. ಹಿಂದೆಯೇ ಬಂದು ತೋಳು ಹಿಡಿದರು.

“ಎಲ್ಲಿಗೆ?”

“ನೀವಿರಿ ಅಪ್ಪ, ನಾನ್ ಹೋಗ್ತೀನಿ.”

“ನೀನು ಹೋದ್ರೆ ಆ ಜಾಗದಲ್ಲಿ ಇನ್ನೊಬ್ಬ ಬಂದು ನಿಂತ್ಕೋತಾನೆ, ಅಷ್ಟೇ. ಸುಮ್ನೆ ನಿಲ್ಲು.”

ಕೊನೆಗೆ ಗೇಟು ತೆಗೆದು ನಮ್ಮನ್ನೆಲ್ಲ ಸಾಲುಸಾಲಾಗಿ ಕೂರಿಸಿ, ಇಂಗ್ಲಿಷಿನಲ್ಲಿ ಉಕ್ತಲೇಖನ ಕೊಟ್ಟರು, ಲೆಕ್ಕ ಮಾಡಿಸಿದರು. ಅಪ್ಪ ನನ್ನ ಮುಂದಿನ ಸಾಲಿನಲ್ಲಿದ್ದರು. ಪೇಟದ ಕೆಳಗೆ ಕತ್ತು ಬೆವರಿತ್ತು. ಅವರಿಗಿಂತ ಮೊದಲು ಬರೆದು ಮುಗಿಸಿಬಿಟ್ಟೇನೆಂಬ ಭಯದಲ್ಲಿ ನನ್ನ ಕೈ ತಾನಾಗಿಯೇ ನಿಧಾನವಾಗುತ್ತಿತ್ತು.

ಬಹಳ ಹೊತ್ತಾದ ಮೇಲೆ ಮ್ಯಾನೇಜರು ನಮ್ಮಿಬ್ಬರನ್ನೇ ಒಳಗೆ ಕರೆದರು. ವಿಳಾಸ ನೋಡಿ ಹುಬ್ಬೇರಿಸಿದರು.

“ಒಂದೇ ಮನೆಯವರಾ?”

“ನನ್ನ ಮಗ, ಸ್ವಾಮಿ,” ಎಂದರು ಅಪ್ಪ.

ಮ್ಯಾನೇಜರಿಗೆ ಮುಜುಗರವಾದಂತೆ ಕಂಡಿತು. “ಇಬ್ಬರೂ ಚೆನ್ನಾಗಿ ಮಾಡಿದೀರಿ. ಇರೋದು ಒಂದೇ ಕೆಲಸ. ಯಾರಿಗೆ ಕೊಡಲಿ, ನೀವೇ ಹೇಳಿ.”

ಹೊರಗೆ ಯಂತ್ರದ ಸದ್ದು ಕೇಳುತ್ತಲೇ ಇತ್ತು. ಮಗನಿಗೆ ಕೊಡಿ ಎಂದು ಅಪ್ಪ ಹೇಳಿಯೇ ಹೇಳುತ್ತಾರೆ ಎಂದುಕೊಂಡೆ. ಅವರು ಹಾಗೆ ಹೇಳಿದರೆ ಒಪ್ಪುವುದು ಹೇಗೆ ಎಂದೂ ತೋಚಲಿಲ್ಲ. ಅಪ್ಪ ಮೇಜಿನ ಅಂಚು ಹಿಡಿದುಕೊಂಡಿದ್ದರು.

“ಅದನ್ನ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ,” ಎಂದರು. “ನಿಮ್ಮ ಕೆಲಸಕ್ಕೆ ಯಾರು ಆಗ್ತಾರೋ ಅವರನ್ನ ಇಟ್ಕೊಳ್ಳಿ.”

ಮ್ಯಾನೇಜರು ನನ್ನತ್ತ ನೋಡಿದರು. ನಾನೂ ಬಾಯಿ ಬಿಡಲಿಲ್ಲ. ಅನುಭವವಿದ್ದವರಾದರೆ ಕೆಲಸ ಹೇಳಿಕೊಡುವ ಶ್ರಮ ಉಳಿಯುತ್ತದೆಂದು ಅವರು ಅಪ್ಪನನ್ನು ಆರಿಸಿದರು.

ಹಿಂದಿರುಗುವಾಗ ನಾನು ಅಪ್ಪನಿಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದೆ. ನನಗೆ ಕೋಪ ಬಂದಿತ್ತು. ಯಾರ ಮೇಲೆ ಎಂದು ಹೇಳುವುದು ಕಷ್ಟ. ನಮ್ಮ ಬೀದಿಯ ತಿರುವಿನಲ್ಲಿ ಅಪ್ಪ ನಿಂತರು.

“ನಿನಗೆ ವಯಸ್ಸಿದೆ ಕಣೋ. ನನ್ನನ್ನ ಇನ್ನೊಂದ್ಸಲ ಯಾರೂ ಕರೆಯಲ್ಲ.”

“ನಾನೇನೂ ಅನ್ನಲಿಲ್ವಲ್ಲಪ್ಪ.”

“ಅದಕ್ಕೇ ಹೇಳಿದ್ದು.”

ಅಮ್ಮ ಇಬ್ಬರ ಮುಖವನ್ನೂ ನೋಡಿ, ವಿಷಯ ಕೇಳಿ, ಒಳಗೆ ಹೋಗಿ ಒಲೆ ಹಚ್ಚಿದರು.

ನಾನು ಹುಡುಗರಿಗೆ ಮನೆಪಾಠ ಹೇಳಿಕೊಂಡು ಒಂದೂವರೆ ವರ್ಷ ಕಳೆದೆ. ಆಮೇಲೆ ದೂರದ ತಾಲ್ಲೂಕಿನ ಶಾಲೆಯೊಂದರಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಅಲ್ಲಿಯವರೆಗೂ ಅಪ್ಪ ಕೆಲಸಕ್ಕೆ ಹೊರಡುವ ವೇಳೆಗೆ ನಾನು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಅವರೂ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಿದ್ದರು.