ವಿಮಲಾಳ ಹೆಸರಿಲ್ಲದ ಪಟ್ಟಿ

ವಿಮಲಾಗೆ ಹದಿನಾಲ್ಕು ತಿಂಗಳು ಒಂದೇ ಒಂದು ಸಂಬಂಧವೂ ಬರದ ಹಾಗೆ ಮಾಡಿದವಳು ನಾನು. ಅವಳಿಗೆ ಗಂಡು ಸಿಗದಿದ್ದದ್ದಕ್ಕೆ ಅವಳ ಜಾತಿ ಕಾರಣ ಎಂದು ಅವಳು ನಂಬಿದಳು, ಅವಳ ತಾಯಿ ನಂಬಿದರು, ನಮ್ಮಿಬ್ಬರಿಗೂ ಕೆಲಸ ಕೊಟ್ಟಿದ್ದ ಮಿಸ್ ಕೂಡ ನಂಬಿದರು. ಕಾರಣ ನಾನಾಗಿದ್ದೆ. ಹಲಸೂರಿನ ಒಂದು ವಧೂವರರ ಕೇಂದ್ರದಲ್ಲಿ ನಾನೇ ಕೂತು ಕಟ್ಟಿದ ಡೇಟಾಬೇಸಿಗೆ ಒಂದು ಮಧ್ಯಾಹ್ನ ಒಂದು ಸಾಲು ಸೇರಿಸಿದೆ. ಆ ಸಾಲು ಅವಳೊಬ್ಬಳನ್ನು ಎಲ್ಲ ಪಟ್ಟಿಗಳಿಂದಲೂ ಹೊರಗಿಟ್ಟಿತು. ಇದನ್ನು ಹತ್ತು ವರ್ಷದಿಂದ ಯಾರಿಗೂ ಹೇಳಿಲ್ಲ — ಹೇಳಲೇಬೇಕಾದವಳಿಗಂತೂ —

ಇರಲಿ, ಮೊದಲಿನಿಂದ ಹೇಳುತ್ತೇನೆ.

ಅದು ತೊಂಬತ್ತರ ದಶಕದ ಕೊನೆ. ನಾವು ಕೆ.ಆರ್.ಪುರದ ಆಚೆಯ ಹಳೆಯ ಊರಿನವರು. ತಾತ ರಾಗಿ ಬೆಳೆದ ಹೊಲದಲ್ಲಿ ಅಪ್ಪ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ನಾನು ಬಿ.ಕಾಂ. ಮುಗಿಸಿ, ಶಿವಾಜಿನಗರದಲ್ಲಿ ಒಂದು ಮಹಡಿಯ ಮೇಲೆ ನಡೆಯುತ್ತಿದ್ದ ಕಂಪ್ಯೂಟರ್ ತರಗತಿಗೆ ಆರು ತಿಂಗಳು ಹೋಗಿದ್ದೆ. ಮೊದಲು ಸಿಕ್ಕ ಕೆಲಸವೇ ಲೀಲಾವತಿಯವರ ಕೇಂದ್ರದ್ದು. ನಿವೃತ್ತ ಶಿಕ್ಷಕಿ, ಹಲಸೂರಿನಲ್ಲಿ ಎಲ್ಲರಿಗೂ ಅವರು ‘ಮಿಸ್’. ಪಾತ್ರೆ ಅಂಗಡಿಯ ಮೇಲೆ ಎರಡು ಕೋಣೆ. ವರ್ಷಗಳಿಂದ ಬಂದ ಅರ್ಜಿಗಳೆಲ್ಲ ಬಿಸ್ಕತ್ತಿನ ಡಬ್ಬಗಳಲ್ಲಿದ್ದವು — ಹುಡುಗಿಯರದು ಗುಲಾಬಿ ಕಾರ್ಡು, ಹುಡುಗರದು ನೀಲಿ.

“ಇದೆಲ್ಲಾ ಆ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಹಾಕಮ್ಮ ಶಾರದಾ,” ಎಂದರು ಮಿಸ್. “ಕಾರ್ಡು ತಿರುವಿ ತಿರುವಿ ನನ್ನ ಕಣ್ಣು ಹೋಯ್ತು.”

ವಿಮಲಾ ಆಗಲೇ ಒಂದು ವರ್ಷದಿಂದ ಅಲ್ಲಿದ್ದಳು. ಬಂದವರಿಂದ ಅರ್ಜಿ ತುಂಬಿಸಿಕೊಳ್ಳುವುದು, ಎರಡೂ ಮನೆಯವರ ನಡುವೆ ಮಾತು ಸಾಗಿಸುವುದು ಅವಳ ಕೆಲಸ. ಮನೆ ಕಾಕ್ಸ್‌ಟೌನಿನಲ್ಲಿ. ತಂದೆ ದಲಿತ ಕೇರಿಯಲ್ಲಿ ಹುಟ್ಟಿ ಬೌದ್ಧ ಧರ್ಮ ಸ್ವೀಕರಿಸಿದವರು. ಅವಳು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ತಾಯಿ ಚರ್ಚಿನ ಶಾಲೆಯೊಂದರಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದರು. ಕನ್ನಡ, ತಮಿಳು ಎರಡರ ಕಾರ್ಡುಗಳನ್ನೂ ವಿಮಲಾ ಗಟ್ಟಿಯಾಗಿ ಓದುವಳು, ನಾನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವೆ. ಹಾಗೆ ನಾಲ್ಕು ತಿಂಗಳು ಅಕ್ಕಪಕ್ಕ ಕೂತೆವು. ಮೈಬಣ್ಣದ ಜಾಗದಲ್ಲಿ ಎಲ್ಲರೂ ಗೋಧಿ ಎಂದೇ ಬರೆಸಿದ್ದರು — ಗೋಧಿ ಬಣ್ಣ, ಎಣ್ಣೆಗೋಧಿ, ಸಾಧಾರಣ ಗೋಧಿ. ಒಂದೇ ಮಾತಿಗೆ ಹತ್ತು ರೂಪವಿದ್ದರೆ ಕಂಪ್ಯೂಟರು ಅದನ್ನು ಹತ್ತು ಬಣ್ಣವೆಂದೇ ತಿಳಿಯುತ್ತದೆ, ಅದಕ್ಕೇ ಬಣ್ಣಗಳಿಗೆ ಬೇರೆ ಪಟ್ಟಿ ಮಾಡಿ ಆರಿಸಿಕೊಳ್ಳುವ ಹಾಗಿಡಬೇಕು ಎಂದು ನಾನು ಗಂಭೀರವಾಗಿ ವಿವರಿಸುತ್ತಿದ್ದರೆ ಅವಳು ನಕ್ಕೂ ನಕ್ಕೂ —

“ಅಲ್ವೇ, ಇಡೀ ಹಲಸೂರಲ್ಲಿ ರಾಗಿ ಬಣ್ಣದವ್ರು ಒಬ್ರೂ ಇಲ್ವೇನೇ? ನಾನೊಬ್ಳೇನಾ?”

ಆ ನಗು. ಅದನ್ನು ಬರೆಯಲು ನನಗೆ ಬರುವುದಿಲ್ಲ.

ನಾನು ಕಲಿತದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ಒಬ್ಬೊಬ್ಬರಿಗೂ ಒಂದು ಸಂಖ್ಯೆ. ಆ ಸಂಖ್ಯೆ ಮತ್ತೆ ಯಾರಿಗೂ ಬರಬಾರದು. ಮನೆತನದ ವಿವರ ಒಂದು ಪಟ್ಟಿಯಲ್ಲಿ, ಅವರವರು ಬಯಸುವ ಗುಣಗಳು ಇನ್ನೊಂದರಲ್ಲಿ. ಯಾರು ಯಾರನ್ನು ನೋಡಲು ಹೋದರು ಎಂಬುದನ್ನು ಹುಡುಗಿಯ ವಿವರದಲ್ಲೂ ಬರೆಯಬಾರದು, ಹುಡುಗನ ವಿವರದಲ್ಲೂ ಬರೆಯಬಾರದು. ಇಬ್ಬರ ಸಂಖ್ಯೆಯೂ ಸೇರುವ ಮೂರನೆಯ ಪಟ್ಟಿಯೇ ಬೇಕು. ವಿಮಲಾ ಗಲ್ಲಕ್ಕೆ ಕೈಕೊಟ್ಟು ಕೇಳಿ, “ಚೆನ್ನಾಗಿದೆ ಕಣೇ,” ಎಂದಳು. “ಇಬ್ಬರ ನಡುವೆ ಇರೋದು ಇಬ್ಬರಲ್ಲಿ ಒಬ್ಬರ ಸ್ವತ್ತಲ್ಲ.” ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ್ದೆ. ಅವಳಿಗೆ ಗೊತ್ತಾಗಲಿಲ್ಲ.

ಶನಿವಾರ ಅರ್ಧ ದಿನ ರಜೆ. ಇಬ್ಬರೂ ಬಸ್ಸು ಹಿಡಿದು ರಸೆಲ್ ಮಾರುಕಟ್ಟೆಗೆ ಹೋಗುತ್ತಿದ್ದೆವು, ಅವಳ ಅಮ್ಮನಿಗೆ ಹಣ್ಣು ತರಲು. ಹೂವಿನವರ ಸಾಲಿನಲ್ಲಿ ಅವಳು ದಖ್ಖನಿ ಉರ್ದುವಿನಲ್ಲಿ ಜಗಳವಾಡಿ ಒಂದು ಮೊಳ ಮಲ್ಲಿಗೆ ಕೊಂಡು, ಹಲ್ಲಿನಿಂದ ದಾರ ಕಚ್ಚಿ ಎರಡು ಮಾಡಿ, ಅರ್ಧ ನನ್ನ ಜಡೆಗೆ ಮುಡಿಸುತ್ತಿದ್ದಳು. ಅಲ್ಲಿಂದ ಅವಳು ಕಾಕ್ಸ್‌ಟೌನಿನ ಕಡೆ, ನಾನು ಕೆ.ಆರ್.ಪುರದ ಕಡೆ. ಬಸ್ಸಿನಲ್ಲಿ ಕೂತು ಸೋಮವಾರಕ್ಕೆ ಎಷ್ಟು ಗಂಟೆ ಉಳಿದಿದೆ ಎಂದು ಎಣಿಸುತ್ತಿದ್ದೆ. ಅದು ಪ್ರೀತಿ ಎಂದು ಈಗ ಬರೆಯಬಲ್ಲೆ. ಆಗ — ಒಬ್ಬ ಹುಡುಗಿ ಇನ್ನೊಬ್ಬ ಹುಡುಗಿಗೆ ಹೇಳಬಹುದಾದ ಮಾತು ಅದು ಎಂದೇ ನನಗೆ ಗೊತ್ತಿರಲಿಲ್ಲ. ಸ್ನೇಹ ಎಂದುಕೊಂಡಿದ್ದೆ. ಸ್ನೇಹಕ್ಕೆ ಅಷ್ಟು ಭಯ ಇರುವುದಿಲ್ಲ.

ಡೇಟಾಬೇಸು ಸಿದ್ಧವಾಯಿತು. ಮಿಸ್ ಒಂದು ಗುಂಡಿ ಒತ್ತಿ ಸಂಖ್ಯೆ ಕೊಟ್ಟರೆ ಸಾಕು. ವಯಸ್ಸು, ಓದು, ಬಯಕೆ ಎಲ್ಲವನ್ನೂ ಹೋಲಿಸಿ ಹೊಂದುವವರ ಪಟ್ಟಿಯನ್ನು ಪ್ರಿಂಟರು ಕರಕರ ಎಂದು ಹೊರಹಾಕುತ್ತಿತ್ತು. ಕಾರ್ಡಿನ ಡಬ್ಬಗಳು ಅಟ್ಟ ಸೇರಿದವು. ಆ ದಿನಗಳಲ್ಲೇ ವಿಮಲಾಳ ಅಮ್ಮನಿಗೆ ಹೃದಯದ ಕಾಯಿಲೆ ಪತ್ತೆಯಾಯಿತು. ಒಂದು ಬೆಳಿಗ್ಗೆ ಅವಳು ಖಾಲಿ ಅರ್ಜಿ ತೆಗೆದುಕೊಂಡು, ತನ್ನದೇ ಹೆಸರು ಬರೆದು, ನನ್ನ ಮೇಜಿನ ಮೇಲಿಟ್ಟಳು.

“ಅಮ್ಮನ ಆಸೆ. ನಂದೂ ಒಳಗೆ ಹಾಕ್ಬಿಡು.”

ಧರ್ಮದ ಜಾಗದಲ್ಲಿ ‘ಬೌದ್ಧ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಬಯಕೆಯ ಜಾಗದಲ್ಲಿ — ‘ನಗುವವರು’. ಅದಕ್ಕೆ ನನ್ನ ಪಟ್ಟಿಯಲ್ಲಿ ಜಾಗವಿರಲಿಲ್ಲ. ಅವಳಿಗೆ ಸಿಕ್ಕ ಸಂಖ್ಯೆ ಆರುನೂರ ಹನ್ನೆರಡು.

ಆ ದಿನ ಮಧ್ಯಾಹ್ನ ಮಿಸ್ ಊಟಕ್ಕೆ ಮನೆಗೆ ಹೋಗಿದ್ದರು, ವಿಮಲಾ ಬ್ಯಾಂಕಿಗೆ ಹೋಗಿದ್ದಳು. ಎಲ್ಲ ಪಟ್ಟಿಗಳೂ ಒಂದೇ ಮೂಲ ಪ್ರಶ್ನೆಯಿಂದ ಹುಟ್ಟುತ್ತಿದ್ದವು: ಅರ್ಜಿ ಚಾಲ್ತಿಯಲ್ಲಿರುವವರೆಲ್ಲ ಯಾರು? ಅದನ್ನು ತೆರೆದು ಕೆಳಗೆ ಇನ್ನೊಂದು ಷರತ್ತು ಸೇರಿಸಿದೆ — ಸಂಖ್ಯೆ ಆರುನೂರ ಹನ್ನೆರಡು ಅಲ್ಲದವರು. ಅಷ್ಟೇ. ಇನ್ನು ಯಾವ ಗಂಡಿನ ಪಟ್ಟಿಯಲ್ಲೂ ಅವಳು ಬರುವುದಿಲ್ಲ. ಅವಳ ಹೆಸರಿಗೆ ಕೇಳಿದರೂ ಖಾಲಿ ಹಾಳೆ. ಅವಳ ಅರ್ಜಿ ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಒಂದು ವಾರದ ಮಟ್ಟಿಗೆ ಎಂದುಕೊಂಡೆ. ಸ್ವಲ್ಪ ದಿನ, ನನ್ನ ಮನಸ್ಸು ಗಟ್ಟಿಯಾಗುವ ತನಕ —

ಒಂದು ವಾರ ಹದಿನಾಲ್ಕು ತಿಂಗಳಾಯಿತು.

ಮಿಸ್ ತಿಂಗಳಿಗೊಮ್ಮೆ ಅವಳ ಸಂಖ್ಯೆ ಹಾಕಿ ನೋಡುವರು. ಖಾಲಿ. “ಕಾಲ ಬದಲಾಗಿಲ್ಲಮ್ಮ ವಿಮಲಾ,” ಎಂದು ನಿಟ್ಟುಸಿರಿಡುವರು. “ಮಿಷಿನ್ ಏನ್ ಮಾಡತ್ತೆ, ಜನ ಬರೆಸಿದ್ದನ್ನ ತಾನೇ ಹೇಳೋದು.” ಯಂತ್ರದ ಮೇಲೆ ಅವರಿಗೆ ಅಷ್ಟು ನಂಬಿಕೆ. ಆ ನಂಬಿಕೆಯನ್ನು ಹುಟ್ಟಿಸಿದವಳೂ ನಾನೇ. ವಿಮಲಾ ಸಂಜೆ ಮನೆಗೆ ಹೋದ ಕೂಡಲೇ ಅವಳ ಅಮ್ಮ, “ಇವತ್ತೇನಾದ್ರೂ ಬಂತಾ?” ಎಂದು ಕೇಳುತ್ತಿದ್ದರಂತೆ. ಅದನ್ನೂ ಅವಳು ನನಗೇ ಹೇಳಿಕೊಳ್ಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ನನ್ನ ಭುಜಕ್ಕೆ ಒರಗುತ್ತಿದ್ದಳು. ನಾನು ಅವಳನ್ನು ಸಮಾಧಾನ ಮಾಡುತ್ತಿದ್ದೆ. ನಿಜ ಹೇಳಬೇಕು — ಆ ಗಳಿಗೆಗಳಲ್ಲಿ ನನಗೆ ಸುಖವೂ ಆಗುತ್ತಿತ್ತು.

ಆಮೇಲೆ ಆ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ಮಾತಿಗಿಂತ ಮುಂಚೆ ನಗು ಬರುವಂಥ ಮನುಷ್ಯ. ಅವರ ಅರ್ಜಿಯನ್ನು ತುಂಬಿಸಿಕೊಂಡವಳು ವಿಮಲಾ.

“ಜಾತಿ ಅಂತ ಇದೆಯಲ್ಲ, ಅಲ್ಲಿ ಏನೂ ಬರೀಬೇಡಿ ಮೇಡಂ,” ಎಂದರು ಅವರು. “ಯಾರಾದ್ರೂ ಸರಿ. ಓದಿರ್ಬೇಕು, ಮದುವೆ ಆದ್ಮೇಲೆ ಕೆಲಸ ಬಿಡ್ಬಾರ್ದು. ನಾನು ಕೇಳೋದು ಅಷ್ಟೇ.”

ವಿಮಲಾ ತಲೆಯೆತ್ತಿ ಅವರನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು — ಹುಬ್ಬೇರಿಸಿ, ನಗು ಅದುಮಿಕೊಂಡು. ಎರಡು ದಿನ ಬಿಟ್ಟು ನಾನು ಅವರ ವಿವರ ಒಳಗೆ ಹಾಕಿದಾಗ ಅವಳು ತಾನೇ ಪ್ರಿಂಟರಿನ ಹತ್ತಿರ ಹೋಗಿ ನಿಂತಳು. ನಾನು ಗುಂಡಿ ಒತ್ತಿದೆ. ಆ ಕ್ಷಣದಲ್ಲೂ ಒತ್ತದೆ ಇರಬಹುದಿತ್ತು. ಒಂದು ನಿಮಿಷ ತಡಿ ಎಂದು ಹೇಳಿ ಆ ಸಾಲನ್ನು ತೆಗೆಯಬಹುದಿತ್ತು. ಒತ್ತಿದೆ. ಒಂಬತ್ತು ಹೆಸರು ಬಂದವು. ಅವಳು ಹಾಳೆಯನ್ನು ಹರಿದುಕೊಂಡು ಮೇಲಿನಿಂದ ಕೆಳಗೆ ಓದಿದಳು, ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದಳು.

“ಶಾರದಾ, ನನ್ನ ನಂಬರ್ ಯಾಕ್ ಬಂದಿಲ್ಲ? ವಯಸ್ಸು ಸರಿ ಇದೆ, ಓದು ಸರಿ ಇದೆ. ಅವ್ರು ಜಾತೀನೇ ಬೇಡ ಅಂದ್ರಲ್ಲ?”

ಸುಮ್ಮನಿದ್ದಿದ್ದರೆ ನನ್ನ ಪಾಪ ಇಷ್ಟು ದೊಡ್ಡದಾಗುತ್ತಿರಲಿಲ್ಲವೇನೋ. ನನ್ನ ಬಾಯಿಂದ ಬಂದದ್ದು ಇದು:

“ಎದುರಿಗೆ ಹಾಗೇ ಹೇಳ್ತಾರೆ ವಿಮಲಾ. ಆಮೇಲೆ ಫೋನ್ ಮಾಡಿ ಬೇರೆ ಥರ ಬರೆಸ್ತಾರೆ. ಅವ್ರೂ ಬರೆಸಿದ್ರು.”

ಆ ಮನುಷ್ಯ ಹಾಗೆ ಬರೆಸಿರಲಿಲ್ಲ. ಅವರ ಬಗ್ಗೆ ನಾನು ಸುಳ್ಳು ಹೇಳಿದೆ. ಅದಕ್ಕೆ ಅವಳ ಎದೆಯಲ್ಲಿ ಮೊದಲಿನಿಂದಲೂ ಇದ್ದ ನೋವನ್ನೇ ಬಳಸಿಕೊಂಡೆ. ಹೊಲವಿದ್ದ ಮನೆಯಲ್ಲಿ ಹುಟ್ಟಿದವಳು ನಾನು. ಅಂಥ ನೋವು ನನ್ನ ಹತ್ತಿರ ಒಂದು ದಿನವೂ ಸುಳಿದಿರಲಿಲ್ಲ.

ಅವಳು ಹಾಳೆಯನ್ನು ಮಡಚಿ, ಮಿಸ್ ಅವರ ಮೇಜಿನ ಮೇಲಿಟ್ಟಳು.

“ಹಾಗಾದ್ರೆ ಮಿಷಿನ್‌ಗೂ ಗೊತ್ತಾಯ್ತು ಬಿಡು, ನಾವು ಯಾರು ಅಂತ.”

ಅವಳು ಅಳಲಿಲ್ಲ. ಸಂಜೆ ಮಿಸ್ ಬಂದಾಗ, “ನನ್ನ ಅರ್ಜಿ ತೆಗೆದುಬಿಡಿ ಮಿಸ್,” ಎಂದಳು. ಮಿಸ್ ಎಷ್ಟು ಹೇಳಿದರೂ ಕೇಳಲಿಲ್ಲ.

ಮರುದಿನ ಬೇಗ ಬಂದು ಆ ಸಾಲನ್ನು ಅಳಿಸಿದೆ. ಅವಳ ವಿವರ ಇನ್ನೂ ಒಳಗೇ ಇತ್ತು. ಅವಳಿಗೆ ಹೊಂದುವವರು ಯಾರೆಂದು ಮೊದಲ ಸಲ ನಿಜವಾಗಿ ಕೇಳಿದೆ. ಹನ್ನೊಂದು ಜನ ಇದ್ದರು. ನಾಲ್ವರು ಅವಳ ಹಾಗೆಯೇ ಬೌದ್ಧರು. ಇನ್ನು ಕೆಲವರು ಜಾತಿ ಬೇಡ ಎಂದು ಬರೆಸಿದ್ದವರು — ಮೇಷ್ಟ್ರ ಹೆಸರೂ ಅಲ್ಲೇ ಇತ್ತು. ಆ ಹನ್ನೊಂದು ಸಾಲನ್ನು ನೋಡುತ್ತಾ ಕೂತೆ. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿತು. ಕಿಟಕಿ ಮುಚ್ಚುವಂತೆ ಪರದೆಯ ಮೇಲಿದ್ದ ಪಟ್ಟಿಯನ್ನು ಮುಚ್ಚಿದೆ.

ಮೇಷ್ಟ್ರಿಗೆ ಆ ಒಂಬತ್ತು ಹೆಸರಿನಲ್ಲೇ ಒಬ್ಬಳ ಜೊತೆ ಮದುವೆಯಾಯಿತು. ಮುಂದಿನ ಬೇಸಿಗೆಯಲ್ಲಿ ವಿಮಲಾಳ ಅಮ್ಮ ತೀರಿಕೊಂಡರು. ವಿಮಲಾ ಕೆಲಸ ಬಿಟ್ಟು, ಕೆ.ಜಿ.ಎಫ್.ನಲ್ಲಿದ್ದ ಅಕ್ಕನ ಮನೆಗೆ ಹೊರಟಳು. ಬೀಳ್ಕೊಡಲು ಹೋಗಿದ್ದೆ. ನನ್ನ ಎರಡೂ ಕೈ ಹಿಡಿದುಕೊಂಡು, “ಅಲ್ಲಿ ನನ್ನ ಪರವಾಗಿ ಇದ್ದವಳು ನೀನೊಬ್ಬಳೇ ಕಣೇ,” ಎಂದಳು. ಬಸ್ಸು ಹೊರಟ ಮೇಲೂ ನಾನು ಅಲ್ಲೇ ನಿಂತಿದ್ದೆ. ಯಾರನ್ನು ಕಳೆದುಕೊಳ್ಳಬಾರದೆಂದು ಇಷ್ಟೆಲ್ಲ ಮಾಡಿದೆನೋ ಅವಳು ಕಿಟಕಿಯಿಂದ ಕೈಬೀಸುತ್ತಾ ಹೋದಳು.

ಆಮೇಲೆ ನಾನು ಎಷ್ಟೋ ಡೇಟಾಬೇಸು ಕಟ್ಟಿದೆ — ಕುಕ್ ಟೌನಿನ ಒಂದು ಬೇಕರಿಗೆ, ಇಂದಿರಾನಗರದ ಒಂದು ಕನ್ನಡಕದ ಅಂಗಡಿಗೆ. ಪ್ರತಿ ಸಲ ಪರೀಕ್ಷೆಗೆಂದು ಮೊದಲು ತುಂಬುವ ಹೆಸರು ವಿಮಲಾ. ಕೆಲಸ ಮುಗಿದ ಮೇಲೆ ಅಳಿಸುತ್ತೇನೆ. ಮದುವೆಯಾಗು ಎಂದು ಮನೆಯಲ್ಲಿ ಹೇಳಿ ಹೇಳಿ ಸುಸ್ತಾದರು. ಮಲ್ಲಿಗೆಯ ವಾಸನೆ ಬಂದರೆ ಇವತ್ತಿಗೂ ಯಾರೋ ಹಿಂದೆ ನಿಂತು ಜಡೆಗೆ ಕೈಹಾಕಿದ ಹಾಗೆ —

ಹೋದ ತಿಂಗಳು ಕೆ.ಆರ್.ಪುರದ ರೈಲು ನಿಲ್ದಾಣದಲ್ಲಿ ಅವಳು ಸಿಕ್ಕಳು. ಮುಂದಲೆ ನರೆತಿದೆ. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳಂತೆ, ಅಮ್ಮನ ಹಾಗೆ. ಒಬ್ಬಳೇ ಇದ್ದಾಳೆ. ಬೆಂಚಿನ ಮೇಲೆ ಕೂತು ಕಾಲು ಗಂಟೆ ಮಾತಾಡಿದೆವು.

“ಮದುವೆ ಆಗ್ಲಿಲ್ಲ ಅಂತ ಬೇಜಾರಿಲ್ಲ ಶಾರದಾ,” ಎಂದಳು. “ಆದ್ರೆ ಆ ಹಾಳೆ ಬಂದ್ಮೇಲೆ ನಾನು ಇನ್ಯಾರ ಮುಂದೂ ಹೋಗಿ ನಿಲ್ಲಲಿಲ್ಲ. ನಿಲ್ಲೋಕೆ ಆಗ್ಲಿಲ್ಲ. ಅಮ್ಮ ಕೊನೇ ದಿನ ಕೂಡ ಅದನ್ನೇ ಹೇಳಿದ್ಲು — ನಾವು ಆ ಜಾತೀಲಿ ಹುಟ್ಟಿದ್ದೇ ನಿನಗೆ ಅಡ್ಡ ಬಂತು ಮಗಳೇ ಅಂತ.”

ಆಗಲೂ ನಾನು ಬಾಯಿ ತೆರೆಯಲಿಲ್ಲ. ರೈಲು ಬಂತು, ಅವಳು ತನ್ನ ಫೋನ್ ನಂಬರ್ ಕೊಟ್ಟು ಹತ್ತಿದಳು. ಒಂದು ಹೆಂಗಸು ತನ್ನ ಹುಟ್ಟನ್ನೇ ಹಳಿದುಕೊಂಡು ಸತ್ತಿದ್ದಾಳೆ. ಅವಳಿಗೆ ಇನ್ನು ಯಾವ ಸತ್ಯವೂ ತಲುಪುವುದಿಲ್ಲ. ಅಸೂಯೆ, ಭಯ, ಪ್ರೀತಿ, ಚಿಕ್ಕ ವಯಸ್ಸು — ಇವೆಲ್ಲ ನಿಜ. ಇವುಗಳಲ್ಲಿ ಒಂದೂ ನೆಪವಾಗಿ ನಿಲ್ಲುವುದಿಲ್ಲ.

ನಿನ್ನೆ ಅವಳಿಗೆ ಫೋನ್ ಮಾಡಿದೆ. ಭಾನುವಾರ ಬರಲೇ, ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು ಎಂದೆ. “ವಿಷಯ ಇದ್ರೇನೇ ಬರ್ಬೇಕಾ? ಬಾರೇ. ಊಟಕ್ಕೆ ಇಲ್ಲೇ ಇರು, ಮುದ್ದೆ ಸಾರು ಮಾಡ್ತೀನಿ,” ಎಂದಳು. ದನಿಯಲ್ಲಿ ಅಷ್ಟು ಸಂತೋಷ.

ಬಾಗಿಲಲ್ಲೇ ನಿಂತು ಹೇಳುತ್ತೇನೆ. ಅವಳು ತಟ್ಟೆ ಇಡುವ ಮುಂಚೆ.